ದನಗಳ ಕುಡಿಯುವ ನೀರಿಗೆ ಬೆಳ್ಳಿ: ಮನೆಯಲ್ಲೇ ಯಂತ್ರ ಮಾಡಿಕೊಳ್ಳಬಹುದೇ?

ಪ್ರಶ್ನೆ: ನಮ್ಮದು ಶಿರಸಿ ತಾಲೂಕಿನ ಒಂದು ಹಳ್ಳಿ. ಕೊಟ್ಟಿಗೆಯಲ್ಲಿ ಎರಡು ಜರ್ಸಿ ಮಿಶ್ರತಳಿ, ನಾಲ್ಕು ಮಲೆನಾಡು ಗಿಡ್ಡ ಹಾಗೂ ಮೂರು ಕರುಗಳಿವೆ. ಬಾವಿಯ ನೀರನ್ನು 500 ಲೀಟರಿನ ಪ್ಲಾಸ್ಟಿಕ್ ಟ್ಯಾಂಕಿಗೆ ಏರಿಸಿ, ಅಲ್ಲಿಂದ ಸಿಮೆಂಟಿನ ಬಾನಿಗೆ ಬಿಡುತ್ತೇವೆ. ಮಳೆಗಾಲ ಹಿಡಿಯಿತೆಂದರೆ ಕರುಗಳಿಗೆ ಭೇದಿ ತಪ್ಪಿದ್ದಿಲ್ಲ. ಮೂರು 9 ವೋಲ್ಟ್ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ, ಎರಡು ಬೆಳ್ಳಿ ತುಂಡುಗಳನ್ನು ರಾತ್ರಿಯಿಡೀ ನೀರಿನಲ್ಲಿ ಇಳಿಬಿಟ್ಟರೆ ನೀರು ಶುದ್ಧವಾಗುತ್ತದೆ ಎಂದು ಒಂದು ವಿಡಿಯೊದಲ್ಲಿ ನೋಡಿದೆ. ಅಮ್ಮನ ಹಳೆಯ ಕಾಲ್ಗೆಜ್ಜೆ ಇದೆ, ಅದನ್ನೇ ಬಳಸಬಹುದೇ? ಕುಮಟಾದ ಹತ್ತಿರ ಅಘನಾಶಿನಿ ದಡದಲ್ಲಿರುವ ಮಾವನ ಮನೆಗೂ ಇಂಥದ್ದೊಂದು ಮಾಡಿಕೊಡುವ ಯೋಚನೆಯಿದೆ. ತಮ್ಮ ಸಲಹೆ ಬೇಕು.

ಉತ್ತರ: ಮಾನ್ಯರೆ, ಯಂತ್ರ ಮಾಡುವುದು ಕಷ್ಟವಲ್ಲ, ಒಂದು ಸಂಜೆಯ ಕೆಲಸ. ಆದರೆ ನೀವು ಬರೆದಿರುವ ರೀತಿಯಲ್ಲಿಯೇ ಅದನ್ನು ನಡೆಸಿದರೆ ನಿಮ್ಮ ಟ್ಯಾಂಕಿಗೆ ಬೇಕಾದುದಕ್ಕಿಂತ ಹಲವು ಪಟ್ಟು ಹೆಚ್ಚು ಬೆಳ್ಳಿ ಬೀಳುತ್ತದೆ, ನಿಮ್ಮ ಮಾವನವರ ಬಾವಿ ನೀರಿನಲ್ಲಿ ಕೆಲಸಕ್ಕೆ ಬರುವಂಥ ಬೆಳ್ಳಿ ಹೆಚ್ಚುಕಡಿಮೆ ಉಳಿಯುವುದೇ ಇಲ್ಲ, ಮತ್ತು ಎರಡೂ ಕಡೆ ಕರುಗಳ ಭೇದಿ ನಿಲ್ಲುವ ಭರವಸೆಯನ್ನು ನಾನು ಕೊಡಲಾರೆ. ಇದನ್ನು ಬರಿಯ ಮಾತಿನಲ್ಲಿ ಹೇಳಿದರೆ ನಿಮಗೆ ಸಮಾಧಾನವಾಗದು. ವಿಡಿಯೊ ನೋಡಿ ಬಂದವರಿಗೆ ಲೆಕ್ಕವನ್ನೇ ಮುಂದಿಡಬೇಕು. ಆದ್ದರಿಂದ ಮೊದಲು ಲೆಕ್ಕ.

ಬೆಳ್ಳಿಗೆ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಶಕ್ತಿಯಿದೆ ಎಂಬುದು ಮೂಢನಂಬಿಕೆಯಲ್ಲ. ಅತ್ಯಲ್ಪ ಪ್ರಮಾಣದ ಲೋಹವೂ ಪಾಚಿಯಂಥ ಜೀವಿಗಳನ್ನು ಕೊಲ್ಲುತ್ತದೆ ಎಂಬ ಸಂಗತಿಗೆ ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ನೇಗೆಲಿ ಅವರು ಪ್ರತ್ಯೇಕ ಹೆಸರು ಕೊಟ್ಟದ್ದು, ಅವರ ಬರಹ 1893ರಲ್ಲಿ ಪ್ರಕಟವಾದಾಗ. ಅಪೊಲೊ ಯಾನಗಳ ಕಾಲದಲ್ಲಿ ಅಮೆರಿಕದ ನಾಸಾ ಸಂಸ್ಥೆ ವಿದ್ಯುತ್ತಿನಿಂದ ಬೆಳ್ಳಿಯ ಅಯಾನುಗಳನ್ನು, ಅಂದರೆ ವಿದ್ಯುದಾವೇಶ ಹೊತ್ತ ಕಣಗಳನ್ನು, ನೀರಿಗೆ ಬಿಡುವ ಪುಟ್ಟ ಉಪಕರಣವೊಂದನ್ನು ಅಭಿವೃದ್ಧಿಪಡಿಸಿತ್ತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ರಷ್ಯನ್ ಭಾಗದಲ್ಲಿ ಕುಡಿಯುವ ನೀರನ್ನು ಕಾಯ್ದಿಡುವುದು ಇವತ್ತಿಗೂ ಬೆಳ್ಳಿಯಿಂದಲೇ. ವಿಡಿಯೊದವರು ಹೆಮ್ಮೆಯಿಂದ ಉದಾಹರಿಸುವುದು ಇದನ್ನೇ. ಅವರು ಹೇಳದೆ ಬಿಡುವ ಮಾತೆಂದರೆ, ಬಾಹ್ಯಾಕಾಶದಲ್ಲಿ ಬೆಳ್ಳಿ ಸೇರುವುದು ಮೊದಲೇ ಶುದ್ಧೀಕರಿಸಿ ಕೆಸರು, ಜೈವಿಕ ಕಶ್ಮಲ ಎಲ್ಲವನ್ನೂ ತೆಗೆದು ಮುಚ್ಚಿಟ್ಟ ನೀರಿಗೆ. ಅಲ್ಲಿ ಬೆಳ್ಳಿಯ ಪಾತ್ರ ಕಾವಲುಗಾರನದು, ತೊಳೆಯುವವನದಲ್ಲ.

ಬೆಳ್ಳಿಯ ಎರಡು ತುಂಡುಗಳನ್ನು ನೀರಿನಲ್ಲಿಟ್ಟು ನೇರ ವಿದ್ಯುತ್ತನ್ನು ಹರಿಸಿದರೆ ಧನ ತುದಿಗೆ ಸೇರಿದ ತುಂಡಿನಿಂದ ಬೆಳ್ಳಿಯ ಪರಮಾಣುಗಳು ಒಂದೊಂದು ಎಲೆಕ್ಟ್ರಾನನ್ನು ಬಿಟ್ಟುಕೊಟ್ಟು ಅಯಾನುಗಳಾಗಿ ನೀರಿಗಿಳಿಯುತ್ತವೆ. ಎಷ್ಟು ಇಳಿಯುತ್ತದೆ ಎಂಬುದನ್ನು ನಿರ್ಧರಿಸುವುದು ವೋಲ್ಟೇಜಲ್ಲ. ಹರಿದ ಕರೆಂಟು ಮತ್ತು ಹರಿದ ಹೊತ್ತು, ಇವೆರಡರ ಗುಣಲಬ್ಧ. ಫ್ಯಾರಡೆ ಅವರು 1834ರಲ್ಲಿ ಪ್ರಕಟಿಸಿದ ನಿಯಮ ಇದು. ಬೆಳ್ಳಿಯ ಮಟ್ಟಿಗೆ ಲೆಕ್ಕ ಬಹಳ ಸುಲಭ: ಒಂದು ಮಿಲಿ ಆಂಪಿಯರ್ ಕರೆಂಟು ಒಂದು ಗಂಟೆ ಹರಿದರೆ ಸುಮಾರು 4 ಮಿಲಿಗ್ರಾಂ ಬೆಳ್ಳಿ ಕರಗುತ್ತದೆ. ಈ ಒಂದು ಅಂಕಿಯನ್ನು ನೆನಪಿಟ್ಟುಕೊಂಡರೆ ಯಾವ ವಿಡಿಯೊವನ್ನು ಬೇಕಾದರೂ ನೀವೇ ಪರೀಕ್ಷಿಸಬಹುದು.

ಈಗ ನಿಮ್ಮ ಮೂರು ಬ್ಯಾಟರಿಗಳನ್ನು ತೆಗೆದುಕೊಳ್ಳೋಣ. ಒಟ್ಟು 27 ವೋಲ್ಟ್. ಮೂರು ಸೆಂಟಿಮೀಟರ್ ಅಗಲದ ಎರಡು ನಾಣ್ಯಗಳನ್ನು ಐದು ಸೆಂಟಿಮೀಟರ್ ಅಂತರದಲ್ಲಿ ಇಳಿಬಿಟ್ಟಿದ್ದೀರಿ ಎಂದುಕೊಳ್ಳಿ. ಘಟ್ಟದ ಮೇಲಿನ ಜಂಬಿಟ್ಟಿಗೆ ನೆಲದ ಬಾವಿ ನೀರು ಸಾಮಾನ್ಯವಾಗಿ ಮೆದು. ಲವಣ ಕಡಿಮೆ, ಹಾಗಾಗಿ ವಿದ್ಯುತ್ತನ್ನು ಅಷ್ಟಾಗಿ ಹರಿಯಗೊಡುವುದಿಲ್ಲ. ಅದರ ವಾಹಕತೆ ಸೆಂಟಿಮೀಟರಿಗೆ 100 ಮೈಕ್ರೊಸೀಮೆನ್ಸ್ ಎಂದು ಹಿಡಿದರೆ ಕರೆಂಟು ಏನಿಲ್ಲವೆಂದರೂ 4 ಮಿಲಿ ಆಂಪಿಯರ್ ಬರುತ್ತದೆ. ರಾತ್ರಿ ಎಂಟರಿಂದ ಬೆಳಗಿನ ಆರರವರೆಗೆ ಹತ್ತು ಗಂಟೆ ಬಿಟ್ಟರೆ 160 ಮಿಲಿಗ್ರಾಂ ಬೆಳ್ಳಿ. ಅದನ್ನು 500 ಲೀಟರಿಗೆ ಹಂಚಿದರೆ ಲೀಟರಿಗೆ 0.32 ಮಿಲಿಗ್ರಾಂ. ಕುಡಿಯುವ ನೀರಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 10500 ಬೆಳ್ಳಿಗೆ ಇಟ್ಟಿರುವ ಮಿತಿ ಲೀಟರಿಗೆ 0.1 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ ಇಷ್ಟರವರೆಗೆ ಹೋಗಬಹುದು ಎಂಬ ಸಡಿಲಿಕೆ ಕೆಲವು ಅಂಶಗಳಿಗೆ ಇರುವಂತೆ ಬೆಳ್ಳಿಗೆ ಇಲ್ಲ. ಆ ಮಾನಕ ಮನುಷ್ಯರಿಗೆ ಹೌದು. ಆದರೆ ಹಸು ಕುಡಿದ ನೀರಿನ ಹಾಲು ನಿಮ್ಮ ಮನೆಯ ಒಲೆಗೇ ಬರುವುದರಿಂದ ದನಗಳಿಗೆಂದು ಬೇರೆ ಸಡಿಲ ಅಳತೆಯನ್ನು ಹುಡುಕಿಕೊಂಡು ಹೋಗುವುದು ನನಗೆ ಸರಿಕಾಣುವುದಿಲ್ಲ.

ಅದೇ ಬ್ಯಾಟರಿ, ಅದೇ ನಾಣ್ಯ, ಅದೇ ಅಂತರ. ನೀರು ಮಾತ್ರ ನಿಮ್ಮ ಮಾವನವರ ಬಾವಿಯದು ಎಂದುಕೊಳ್ಳಿ. ಬೇಸಿಗೆಯಲ್ಲಿ ಸಮುದ್ರದ ಉಪ್ಪು ಹೊಳೆಯ ಮೂಲಕ ಒಳಗೆ ಹತ್ತಿದಾಗ ಆ ನೀರಿನ ವಾಹಕತೆ ಸಲೀಸಾಗಿ 2,000 ದಾಟಬಹುದು. ಆಗ ಕರೆಂಟು ಇಪ್ಪತ್ತು ಪಟ್ಟು ಏರಿ 75 ಮಿಲಿ ಆಂಪಿಯರಿನ ಹತ್ತಿರ ಹೋಗುತ್ತದೆ. ಅಷ್ಟು ಭಾರಕ್ಕೆ ಆ ಸಣ್ಣ ಬ್ಯಾಟರಿಗಳು ಬೆಳಗಿನ ತನಕ ಬಾಳಲಾರವು, ಆದರೆ ಬಾಳಿದಷ್ಟು ಹೊತ್ತು ಗಂಟೆಗೆ 300 ಮಿಲಿಗ್ರಾಂ ಬೆಳ್ಳಿಯನ್ನು ಸವೆಸುತ್ತಲೇ ಇರುತ್ತವೆ. ಅಂದರೆ ಒಂದೇ ಯಂತ್ರ ಘಟ್ಟದ ಮೇಲೊಂದು ಪ್ರಮಾಣ, ಘಟ್ಟದ ಕೆಳಗೆ ಅದರ ಇಪ್ಪತ್ತು ಪಟ್ಟು ಬೆಳ್ಳಿಯನ್ನು ಬಿಡುತ್ತದೆ. ಕರೆಂಟಿಗೆ ಕಡಿವಾಣವಿಲ್ಲದ, ಅಳೆಯುವ ಮೀಟರಿಲ್ಲದ ಯಾವ ಜೋಡಣೆಯನ್ನೂ ನಾನು ಯಂತ್ರವೆಂದು ಕರೆಯಲಾರೆ.

ಇಷ್ಟು ಬೆಳ್ಳಿ ಕರಗಿದ ಮೇಲೆ ಕರಾವಳಿಯ ನೀರಿನಲ್ಲಿ ಬೆಳ್ಳಿಯೇ ಉಳಿಯುವುದಿಲ್ಲ ಎಂದು ಮೇಲೆ ಹೇಳಿದ್ದೇಕೆ ಎಂದು ನೀವು ಕೇಳಬಹುದು. ಉಪ್ಪಿನಲ್ಲಿರುವ ಕ್ಲೋರೈಡ್ ಬೆಳ್ಳಿಯ ಅಯಾನನ್ನು ಸಿಕ್ಕಲ್ಲಿಯೇ ಹಿಡಿದು ಸಿಲ್ವರ್ ಕ್ಲೋರೈಡ್ ಎಂಬ ಕರಗದ ಬಿಳಿಯ ಪುಡಿಯಾಗಿಸುತ್ತದೆ. ನಾನು ಕಾರವಾರದಲ್ಲಿ ಕೆಲಸಕ್ಕಿದ್ದಾಗ ಇದನ್ನು ಕಣ್ಣಾರೆ ನೋಡಬೇಕೆಂದು ಬಾಡಿಗೆ ಮನೆಯ ಬಾವಿಯಿಂದ ಒಂದು ಗಾಜಿನ ಲೋಟ ನೀರು ತಂದು, ಎರಡು ಬೆಳ್ಳಿಯ ತಂತಿಗಳನ್ನು ಇಳಿಬಿಟ್ಟು, ಬ್ಯಾಟರಿ ಜೋಡಿಸಿ ಕುಳಿತಿದ್ದೆ. ಏಪ್ರಿಲ್ ತಿಂಗಳು, ನೀರು ನಾಲಿಗೆಗೇ ಉಪ್ಪೆನಿಸುತ್ತಿತ್ತು. ಐದು ನಿಮಿಷದಲ್ಲಿ ಧನ ತುದಿಯ ತಂತಿಯಿಂದ ಬಿಳಿಯ ಎಳೆಗಳು ಊದುಬತ್ತಿಯ ಹೊಗೆಯನ್ನು ತಲೆಕೆಳಗು ಮಾಡಿದ ಹಾಗೆ ಕೆಳಗಿಳಿಯತೊಡಗಿದವು. ಕಾಲು ಗಂಟೆಗೆ ಇಡೀ ಲೋಟ ಅಕ್ಕಿ ತೊಳೆದ ನೀರಿನಂತಾಯಿತು. ಲೋಟವನ್ನು ಕಿಟಕಿಯ ಮೇಲಿಟ್ಟು ಕಚೇರಿಗೆ ಹೋಗಿ ಮಧ್ಯಾಹ್ನ ಬಂದು ನೋಡಿದರೆ ತಳದಲ್ಲಿ ಕುಳಿತ ಪುಡಿ ಬಿಸಿಲಿಗೆ ನೇರಳೆ ಮಿಶ್ರಿತ ಬೂದಿ ಬಣ್ಣಕ್ಕೆ ತಿರುಗಿತ್ತು. ಹಳೆಯ ಕಾಲದ ಫೋಟೊ ಕಾಗದ ಬೆಳಕಿಗೆ ಕಪ್ಪಾಗುತ್ತಿದ್ದುದು ಇದೇ ಗುಣದಿಂದ. ನೋಡಲು ಸೊಗಸಾದ ಪ್ರಯೋಗ, ಆದರೆ ಕುಡಿಯುವ ನೀರಿನ ಉಪಚಾರವಾಗಿ ಶೂನ್ಯ.

ಅಂಕಿಗಳಲ್ಲಿ ಹೇಳುವುದಾದರೆ, ಲೀಟರಿಗೆ 250 ಮಿಲಿಗ್ರಾಂ ಕ್ಲೋರೈಡ್ ಇರುವ ನೀರಿನಲ್ಲಿ ಬಿಡಿಯಾಗಿ ಉಳಿಯಬಲ್ಲ ಬೆಳ್ಳಿಯ ಅಯಾನು ಲೀಟರಿಗೆ 0.003 ಮಿಲಿಗ್ರಾಮಿಗಿಂತ ಹೆಚ್ಚಿಲ್ಲ. ಕ್ಲೋರೈಡ್ 10 ಮಿಲಿಗ್ರಾಂ ಮಾತ್ರ ಇರುವ ಮೆದು ನೀರಿನಲ್ಲಿ ಇದು 0.07ರ ತನಕ ಹೋಗಬಹುದು. ಹೀಗಾಗಿ ನಿಮ್ಮ ಶಿರಸಿಯ ನೀರು ಬೆಳ್ಳಿಗೆ ಅನುಕೂಲವೇ ಸರಿ. ಆದರೆ ಅಲ್ಲಿಯೂ ನೀವು ರಾತ್ರಿಯಿಡೀ ಸುರಿದ 0.32ರ ಬಹುಪಾಲು ಪುಡಿಯಾಗಿ ಟ್ಯಾಂಕಿನ ತಳ ಸೇರುತ್ತದೆ. ಅದು ಅಲ್ಲಿಯೇ ಸುಮ್ಮನೆ ಬಿದ್ದಿರುತ್ತದೆಯೇ ಎಂದರೆ, ಕರೆಂಟು ಕೈಕೊಟ್ಟು ಟ್ಯಾಂಕು ತಳ ಕಂಡ ದಿನ ತಿಂಗಳುಗಟ್ಟಲೆ ಕೂಡಿದ್ದೆಲ್ಲ ಒಮ್ಮೆಲೇ ಬಾನಿಗೆ ಇಳಿದುಬರುತ್ತದೆ.

ಬಾನಿಯ ಮಾತು ಬಂದಿತು. ನಿಮ್ಮ ಪ್ರಶ್ನೆಯಲ್ಲಿ ಟ್ಯಾಂಕಿನ ಬಗ್ಗೆ, ಬ್ಯಾಟರಿಯ ಬಗ್ಗೆ ವಿವರವಿದೆ. ಬಾನಿಯನ್ನು ಎಷ್ಟು ದಿನಕ್ಕೊಮ್ಮೆ ತಿಕ್ಕಿ ತೊಳೆಯುತ್ತೀರಿ ಎಂಬುದಿಲ್ಲ. ತಪ್ಪು ತಿಳಿಯಬಾರದು, ನಾನು ನೀರು ಪರೀಕ್ಷೆಗೆಂದು ಹೋದ ಕೊಟ್ಟಿಗೆಗಳಲ್ಲಿ ಮೊದಲು ಮಾಡುವ ಕೆಲಸವೆಂದರೆ ತೋಳು ಮಡಚಿ ಬಾನಿಯ ಒಳಗೋಡೆಯನ್ನು, ನೀರಿನ ಮಟ್ಟಕ್ಕಿಂತ ಒಂದು ಗೇಣು ಕೆಳಗೆ, ಬೆರಳಿನಿಂದ ಸವರುವುದು. ಸಿಮೆಂಟಿನ ತರಿ ಕೈಗೆ ಸಿಗಬೇಕು. ಹೆಚ್ಚಿನ ಕಡೆ ಸಿಗುವುದು ಬೆಂಡೆಕಾಯಿ ಹೆಚ್ಚಿದ ಮಣೆಯಂಥ ಲೋಳೆ. ದೊಡ್ಡ ತಳಿಯ ಹಾಲಿನ ಹಸುವಿನ ಬಾಯಲ್ಲಿ ದಿನಕ್ಕೆ ನೂರು ಲೀಟರಿಗೂ ಮೀರಿ ಜೊಲ್ಲು ಊರುತ್ತದೆ. ಹಿಂಡಿ ತಿಂದ ಬಾಯನ್ನು ಅದು ನೇರವಾಗಿ ಬಾನಿಗೆ ಅದ್ದುತ್ತದೆ. ಜೊಲ್ಲು, ಹಿಂಡಿಯ ಪುಡಿ, ಹುಲ್ಲಿನ ಚೂರು ಎಲ್ಲವೂ ನೀರಿಗೆ ಸೇರಿ ಆ ಲೋಳೆಗೆ ಆಹಾರವಾಗುತ್ತವೆ. ಬೆಳ್ಳಿಯ ಅಯಾನು ರೋಗಾಣುವನ್ನು ಹಣಿಯುವುದು ಅದರ ಕಿಣ್ವಗಳಲ್ಲಿರುವ ಗಂಧಕದ ಭಾಗಕ್ಕೆ ಅಂಟಿಕೊಂಡು. ಆದರೆ ಜೊಲ್ಲಿನ, ಹಿಂಡಿಯ ಪ್ರೋಟೀನುಗಳಲ್ಲಿಯೂ ಗಂಧಕವಿದೆ. ಬೆಳ್ಳಿಗೆ ಶತ್ರು ಯಾರು, ಎಂಜಲು ಯಾವುದು ಎಂಬ ವಿವೇಚನೆಯಿಲ್ಲ. ಅಳತೆ ಮೀರದಂತೆ ಲೀಟರಿಗೆ 0.05 ಮಿಲಿಗ್ರಾಮಿನಷ್ಟೇ ಬೆಳ್ಳಿಯನ್ನು ನೀವು ಟ್ಯಾಂಕಿನಿಂದ ಜೋಪಾನವಾಗಿ ತಂದರೂ, ಅದು ಬಾನಿಗೆ ಬಿದ್ದು ಎಂಜಲಿಗೆ ಅಂಟಿಕೊಂಡಲ್ಲಿಗೆ ಅದರ ಕತೆ ಮುಗಿಯಿತು. ಗೋಡೆಯ ಲೋಳೆಯೊಳಗೆ ಅವಿತ ಸೂಕ್ಷ್ಮಜೀವಿಗಳಿಗೆ ಅದು ತಾಗುವುದೇ ಇಲ್ಲ.

ಶುದ್ಧವಾದ ನೀರಿನಲ್ಲಿಯೂ ಬೆಳ್ಳಿ ನಿಧಾನಿ. ಕ್ಲೋರಿನ್ ಅರ್ಧ ಗಂಟೆಯಲ್ಲಿ ಮಾಡುವ ಕೆಲಸಕ್ಕೆ ಬೆಳ್ಳಿಗೆ ಗಂಟೆಗಟ್ಟಲೆ ಬೇಕು. ವೈರಸ್ಸುಗಳ ಮೇಲೆ ಅದರ ಪ್ರಭಾವ ನಂಬುವಂಥದ್ದಲ್ಲ. ಕರುಗಳ ಭೇದಿಗೆ ಕಾರಣವಾಗುವ ಕ್ರಿಪ್ಟೊಸ್ಪೊರಿಡಿಯಂ ಮತ್ತು ಕಾಕ್ಸಿಡಿಯಾ ಎಂಬ ಪರಾವಲಂಬಿ ಸೂಕ್ಷ್ಮಜೀವಿಗಳ ಗಟ್ಟಿ ಕೋಶಗಳಿಗೆ ಈ ಪ್ರಮಾಣದ ಬೆಳ್ಳಿ ಏನನ್ನೂ ಮಾಡುವುದಿಲ್ಲ. ಗದ್ದೆಯಂಚಿನ ನೀರು, ಹುಲ್ಲಿನಿಂದ ಬರುವ ಯಕೃತ್ತಿನ ಚಪ್ಪಟೆ ಹುಳುವಿಗಂತೂ ಇದಕ್ಕೂ ಸಂಬಂಧವೇ ಇಲ್ಲ.

ಹಸುವಿನ ಆರೋಗ್ಯಕ್ಕೆ ಇದರಿಂದ ಹಾನಿಯೇ ಎಂಬುದು ಸಹಜವಾದ ಪ್ರಶ್ನೆ. ಇಲ್ಲದ ಭಯವನ್ನು ಹುಟ್ಟಿಸಲು ನನಗೆ ಇಷ್ಟವಿಲ್ಲ. ದಿನಕ್ಕೆ 60 ಲೀಟರ್ ನೀರು ಕುಡಿಯುವ ಹಸುವಿಗೆ ಲೀಟರಿಗೆ 0.05ರಂತೆ 3 ಮಿಲಿಗ್ರಾಂ ಬೆಳ್ಳಿ ಸೇರಿದರೆ ಅದರ ಬಹುಭಾಗ ಮೆಲುಕು ಚೀಲದಲ್ಲಿಯೇ ಸಲ್ಫೈಡಾಗಿ ಸಗಣಿಯ ದಾರಿ ಹಿಡಿಯುತ್ತದೆ. ಆದರೆ ಪ್ರಮಾಣ ಮೀರಿದಾಗ ಬೆಳ್ಳಿಗೂ ಸೆಲೆನಿಯಂ, ವಿಟಮಿನ್ ಇ ಮತ್ತು ತಾಮ್ರಕ್ಕೂ ಸರಿಬರುವುದಿಲ್ಲ. ಕೋಳಿಮರಿ ಮತ್ತು ಹಂದಿಗಳಿಗೆ ಆಹಾರದಲ್ಲಿ ಹೆಚ್ಚು ಬೆಳ್ಳಿ ಕೊಟ್ಟು ನಡೆಸಿದ ಪ್ರಯೋಗಗಳಲ್ಲಿ ಇವುಗಳ ಕೊರತೆಯ ಲಕ್ಷಣಗಳೇ ಕಾಣಿಸಿಕೊಂಡಿದ್ದವು. ಮನುಷ್ಯರಲ್ಲಿ ದೀರ್ಘಕಾಲ ಬೆಳ್ಳಿ ಸೇವಿಸಿದವರ ಚರ್ಮ ನೀಲಿ ಮಿಶ್ರಿತ ಬೂದಿ ಬಣ್ಣಕ್ಕೆ ತಿರುಗಿ ಹಾಗೆಯೇ ಉಳಿದುಬಿಡುತ್ತದೆ, ಅದಕ್ಕೆ ಆರ್ಜೀರಿಯಾ ಎಂದು ಹೆಸರು. ಇನ್ನೂ ಒಂದು ಸಂಗತಿಯಿದೆ: 1975ರಲ್ಲಿ ಅಮೆರಿಕದ ಬಾಸ್ಟನ್ನಿನ ಆಸ್ಪತ್ರೆಯೊಂದರ ಸುಟ್ಟಗಾಯದ ವಿಭಾಗದಲ್ಲಿ ಬೆಳ್ಳಿಗೂ ಕೆಲವು ಪ್ರತಿಜೈವಿಕಗಳಿಗೂ ಒಟ್ಟಿಗೆ ಜಗ್ಗದ ಸಾಲ್ಮೊನೆಲ್ಲಾ ಎಂಬ ಭೇದಿಯ ಸೂಕ್ಷ್ಮಜೀವಿ ಪತ್ತೆಯಾಗಿತ್ತು. ಕೊಲ್ಲಲು ಸಾಲದಷ್ಟು ಬೆಳ್ಳಿಯನ್ನು ವರ್ಷಗಟ್ಟಲೆ ಲೋಳೆ ತುಂಬಿದ ಬಾನಿಗೆ ಬಿಡುತ್ತಿರುವುದು ಅಂಥ ತಳಿಗಳಿಗೆ ಪಾಠಶಾಲೆ ತೆರೆದಂತೆ. ನಿಮ್ಮ ಮನೆಯಲ್ಲಿ ಗೋಬರ್ ಗ್ಯಾಸ್ ಇದ್ದರೆ, ಶಿರಸಿ ಸೀಮೆಯಲ್ಲಿ ಬಹಳ ಮನೆಗಳಲ್ಲಿ ಇರುವುದರಿಂದ ಹೇಳುತ್ತಿದ್ದೇನೆ, ಸಗಣಿಯೊಂದಿಗೆ ಹೋಗುವ ಆ ಬೆಳ್ಳಿಯ ಮುಂದಿನ ನಿಲ್ದಾಣ ಅದೇ ಗುಂಡಿ, ಆಮೇಲೆ ತೋಟ.

ಕಾಲ್ಗೆಜ್ಜೆಯನ್ನು ದಯವಿಟ್ಟು ಬಳಸಬೇಡಿ. ಒಡವೆಯ ಬೆಳ್ಳಿಯಲ್ಲಿ ಗಟ್ಟಿತನಕ್ಕೆಂದು ತಾಮ್ರ ಬೆರೆಸಿರುತ್ತಾರೆ. ಗೆಜ್ಜೆಯ ಒಂದೊಂದು ಕೊಂಡಿಯಲ್ಲಿಯೂ ಬೆಸುಗೆಯಿರುತ್ತದೆ, ಹಳೆಯ ಬೆಸುಗೆಯಲ್ಲಿ ಸತು ಮಾತ್ರವಲ್ಲ, ಕ್ಯಾಡ್ಮಿಯಂ ಕೂಡ ಇರುವ ಸಂಭವವಿದೆ. ವಿದ್ಯುತ್ತು ಹರಿಸಿದಾಗ ಇವೂ ನೀರಿಗಿಳಿಯುತ್ತವೆ, ಮತ್ತು ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಕೂಡಿಕೊಳ್ಳುವ ವಿಷ. ಬೆಳ್ಳಿ ದುಬಾರಿಯೆಂದು ಸ್ಟೀಲ್ ಚಮಚಗಳನ್ನು ಇಳಿಬಿಡುವವರನ್ನೂ ನೋಡಿದ್ದೇನೆ. ಅದು ಇನ್ನೂ ಕೆಟ್ಟದ್ದು, ಧನ ತುದಿಯ ಸ್ಟೀಲಿನಿಂದ ನಿಕ್ಕಲ್ ಮತ್ತು ಕ್ರೋಮಿಯಂ ನೀರಿಗೆ ಬಿಡುತ್ತವೆ.

ಇಷ್ಟೆಲ್ಲ ಕೇಳಿದ ಮೇಲೂ ಕುತೂಹಲ ತಣಿಯದಿದ್ದರೆ, ಅದೂ ಸಹಜವೇ, ಶಿರಸಿಯ ಟ್ಯಾಂಕಿಗೆ ಮಾತ್ರ ಹೀಗೆ ಮಾಡಿ ನೋಡಬಹುದು. 999 ಎಂದು ಮುದ್ರೆಯಿರುವ ಶುದ್ಧ ಬೆಳ್ಳಿಯ ಎರಡು ಪಟ್ಟಿಗಳನ್ನು ತೆಗೆದುಕೊಳ್ಳಿ. ತಂತಿಯನ್ನು ಸೇರಿಸಿದ ಜಾಗ ಯಾವ ಕಾರಣಕ್ಕೂ ನೀರಿಗೆ ಮುಳುಗಬಾರದು. ಮುಳುಗಿದರೆ ಬೆಳ್ಳಿಗಿಂತ ಮೊದಲು ತಾಮ್ರದ ತಂತಿ ಮತ್ತು ಬೆಸುಗೆ ಕರಗತೊಡಗುತ್ತವೆ. ಎರಡು 12 ವೋಲ್ಟಿನ ಬ್ಯಾಟರಿಗಳನ್ನು ಸಾಲಾಗಿ ಸೇರಿಸಿ 24 ವೋಲ್ಟ್ ಮಾಡಿಕೊಂಡು, ನಡುವೆ 4.7 ಕಿಲೊ ಓಮಿನ ಒಂದು ರೆಸಿಸ್ಟರನ್ನು ಇಡಿ. ಪಟ್ಟಿಗಳು ಒಂದಕ್ಕೊಂದು ತಾಗಿದರೂ ಕರೆಂಟು ಸುಮಾರು 5 ಮಿಲಿ ಆಂಪಿಯರನ್ನು ದಾಟಿ ಹೋಗಲಾಗದಂತೆ ತಡೆಯುವುದು ಈ ನಾಲ್ಕಾಣೆಯ ಸಾಮಾನು. ಸಾಲಿನಲ್ಲಿಯೇ ಒಂದು ಮಿಲಿ ಆಂಪಿಯರ್ ಮೀಟರ್ ಇರಲಿ. 500 ಲೀಟರಿಗೆ ಲೀಟರಿಗೆ 0.05ರಂತೆ 25 ಮಿಲಿಗ್ರಾಂ ಬೇಕು: ಮೀಟರ್ 5 ತೋರಿಸಿದರೆ ಒಂದೂಕಾಲು ಗಂಟೆ, 2.5 ತೋರಿಸಿದರೆ ಎರಡೂವರೆ ಗಂಟೆ. ಹತ್ತು ನಿಮಿಷಕ್ಕೊಮ್ಮೆ ತುದಿಗಳನ್ನು ಅದಲುಬದಲು ಮಾಡಿದರೆ ಪಟ್ಟಿಗಳ ಮೇಲೆ ಕರಿ ಕೂರುವುದು ಕಡಿಮೆಯಾಗುತ್ತದೆ. ಮುಗಿದ ಮೇಲೆ ಪಟ್ಟಿಗಳನ್ನು ಹೊರತೆಗೆದು, ನೀರನ್ನು ಚೆನ್ನಾಗಿ ಕಲಕಿ, ರಾತ್ರಿ ಮುಚ್ಚಿಟ್ಟು ಬೆಳಿಗ್ಗೆ ಬಳಸಬೇಕು. ಮಳೆಗಾಲದಲ್ಲಿ ಬಾವಿ ಕೆಂಪಾಗಿ ಕದಡಿದ ದಿನ ಈ ಪ್ರಯೋಗಕ್ಕೆ ಅರ್ಥವಿಲ್ಲ. ಆ ಮಣ್ಣೇ ಬೆಳ್ಳಿಯನ್ನು ಹಿಡಿದುಕೊಳ್ಳುತ್ತದೆ.

ಮನೆಯ 230 ವೋಲ್ಟಿನ ಲೈನಿನಿಂದ ಡಯೋಡು ಹಾಕಿ ನೇರವಾಗಿ ಮಾಡುವ ಜೋಡಣೆಯನ್ನು ವಿಡಿಯೊಗಳಲ್ಲಿ ತೋರಿಸುವುದುಂಟು. ಅದು ಕೊಲೆಗಡುಕತನ. ಒದ್ದೆ ನೆಲದ ಮೇಲೆ ನಾಲ್ಕು ಗೊರಸೂರಿ ನಿಂತು ನೀರಿಗೆ ಮೂತಿಯಿಡುವ ಹಸುವಿನ ಮೈ ವಿದ್ಯುತ್ತಿಗೆ ಹೇಳಿಮಾಡಿಸಿದ ದಾರಿ. ನಮಗೆ ಗೊತ್ತೇ ಆಗದ ಎರಡು ಮೂರು ವೋಲ್ಟೂ ಅದಕ್ಕೆ ಚುರುಕು ಮುಟ್ಟಿಸುತ್ತದೆ. ಒಂದು ಮನೆಯಲ್ಲಿ ಹಸುಗಳು ಬಾನಿಯ ಹತ್ತಿರ ಬಂದು, ನಾಲಿಗೆಯಿಂದ ನೀರನ್ನು ಬರಿದೆ ನೆಕ್ಕಿ ಹಿಂದೆ ಸರಿಯುತ್ತಿದ್ದವು. ದೃಷ್ಟಿ ತೆಗೆಸಿದರು, ನೀರು ಪರೀಕ್ಷೆಗೆಂದು ನನ್ನನ್ನು ಕರೆಸಿದರು. ನೀರಿನಲ್ಲಿ ಏನೂ ದೋಷವಿರಲಿಲ್ಲ. ಪಂಪಿನ ಅರ್ತಿಂಗ್ ಕೆಟ್ಟು ಕಬ್ಬಿಣದ ಪೈಪಿನ ಮೂಲಕ ಬಾನಿಯ ನೀರಿಗೆ ಕರೆಂಟು ಇಳಿಯುತ್ತಿತ್ತು. ಆದ್ದರಿಂದ ಬ್ಯಾಟರಿಯದೇ ಆದರೂ ಪಟ್ಟಿಗಳು ಟ್ಯಾಂಕಿನಲ್ಲಿರಬೇಕು, ದನದ ಬಾಯಿ ಸೋಕುವ ಬಾನಿಯಲ್ಲಿ ಎಂದಿಗೂ ಅಲ್ಲ.

ಮಾಡಿದ್ದು ಸರಿಯಾಯಿತೋ ಇಲ್ಲವೋ ಎಂದು ತಿಳಿಯುವ ಬಗೆ ಇನ್ನೊಂದು ತೊಡಕು. ನೀರಿನಲ್ಲಿ ಕರಗಿದ ಒಟ್ಟು ಲವಣವನ್ನು ತೋರಿಸುವ ಟಿಡಿಎಸ್ ಮೀಟರನ್ನು ಅದ್ದಿ ಬೆಳ್ಳಿ ಅಳೆದೆವು ಎನ್ನುವವರಿದ್ದಾರೆ. ಆ ಮೀಟರಿನ ಅತಿ ಸಣ್ಣ ಅಂಕಿ ಲೀಟರಿಗೆ 1 ಮಿಲಿಗ್ರಾಂ, ನಾವು ಹುಡುಕುತ್ತಿರುವುದು ಅದರ ಇಪ್ಪತ್ತರಲ್ಲಿ ಒಂದು ಪಾಲು. ಅಡಿಕೆ ಮೂಟೆ ತೂಗುವ ತಕ್ಕಡಿಯಲ್ಲಿ ಏಲಕ್ಕಿ ಕಾಳನ್ನು ತೂಗಿದ ಹಾಗೆ. ಪಂಚಾಯತಿಗಳಲ್ಲಿ ಸಿಗುವ, ತುಂಬಿಸಿಟ್ಟ ನೀರಿನಲ್ಲಿ ಮಲದ ಸೂಕ್ಷ್ಮಜೀವಿಗಳಿದ್ದರೆ ಒಂದೆರಡು ದಿನಗಳಲ್ಲಿ ಕಪ್ಪಾಗುವ ಎಚ್2ಎಸ್ ಬಾಟಲಿ ನಿಮ್ಮ ಬಾವಿ ನೀರಿಗೆ ಬಹಳ ಒಳ್ಳೆಯ ಪರೀಕ್ಷೆ. ನಮ್ಮ ದೇಶದ ವಿಜ್ಞಾನಿಗಳೇ 1982ರಲ್ಲಿ ರೂಪಿಸಿ ಪ್ರಕಟಿಸಿದ್ದು. ಆದರೆ ಬೆಳ್ಳಿ ಸೇರಿದ ನೀರಿನಲ್ಲಿ ಅದು ಮೋಸಹೋಗುತ್ತದೆ. ನೀರಿನೊಂದಿಗೆ ಬಾಟಲಿಯೊಳಗೆ ಹೋದ ಬೆಳ್ಳಿ ಅಲ್ಲಿಯೂ ಸೂಕ್ಷ್ಮಜೀವಿಗಳನ್ನು ಬೆಳೆಯಗೊಡದೆ ತಡೆಹಿಡಿದು, ಅವು ಸತ್ತಿಲ್ಲದಿದ್ದರೂ ನೀರು ಶುದ್ಧವೆಂಬ ಫಲಿತಾಂಶ ಕೊಟ್ಟೀತು. ಪ್ರಯೋಗಾಲಯಕ್ಕೆ ಕೊಡುವಾಗ ನೀರಿಗೆ ಬೆಳ್ಳಿ ಹಾಕಿದೆ ಎಂದು ಮೊದಲೇ ಹೇಳಿದರೆ ಅದನ್ನು ನಿಷ್ಕ್ರಿಯಗೊಳಿಸುವ ರಾಸಾಯನಿಕವನ್ನು ಸೀಸೆಗೆ ಸೇರಿಸಿಕೊಡುತ್ತಾರೆ.

ಇನ್ನು ಕರುಗಳ ವಿಷಯ. ಮಳೆಗಾಲದಲ್ಲಿ ಭೇದಿಯೆಂದ ತಕ್ಷಣ ನೀರನ್ನೇ ದೂರುವ ಮೊದಲು ಒಂದು ಚಿಕ್ಕ ಡಬ್ಬಿಯಲ್ಲಿ ಹಸಿ ಸಗಣಿಯನ್ನು ಅದೇ ದಿನ ಪಶು ಆಸ್ಪತ್ರೆಗೆ ಒಯ್ದು ಸೂಕ್ಷ್ಮದರ್ಶಕದಡಿ ನೋಡಿಸಿ. ಜಂತು, ಕಾಕ್ಸಿಡಿಯಾ ಇದ್ದರೆ ಅಲ್ಲಿಯೇ ಗೊತ್ತಾಗುತ್ತದೆ. ಅವಕ್ಕೆ ಮದ್ದು ಬೇರೆ, ನೀರಿನ ಉಪಚಾರ ಬೇರೆ. ಹುಟ್ಟಿದ ಕರುವಿಗೆ ಮೊದಲ ಒಂದೆರಡು ಗಂಟೆಗಳಲ್ಲಿ ಗಿಣ್ಣದ ಹಾಲು ಹೊಟ್ಟೆ ತುಂಬ ಸಿಕ್ಕಿದೆಯೇ, ಕರುಗಳ ಕಟ್ಟು ಜಾಗದ ದರಕು, ಅಂದರೆ ಹಾಸಿದ ತರಗೆಲೆ, ಒಣಗಿದೆಯೇ ಎಂಬುದು ಮಳೆಗಾಲದಲ್ಲಿ ನೀರಿಗಿಂತ ದೊಡ್ಡ ಸಂಗತಿ. ಒದ್ದೆ ದರಕಿನ ಮೇಲೆ ಮಲಗಿ, ಅದನ್ನೇ ಮೂಸಿ ನೆಕ್ಕುವ ಕರುವಿಗೆ ಬೆಳ್ಳಿಯ ಬಾನಿಯಿಂದ ನೀರು ಕುಡಿಸಿ ಪ್ರಯೋಜನವಿಲ್ಲ.

ನೀರಿಗೆ ಮಾಡಬೇಕಾದದ್ದು ಇಷ್ಟು. ಬಾನಿಯ ನೀರನ್ನು ಎರಡು ದಿನಕ್ಕೊಮ್ಮೆ ಪೂರ್ತಿ ಚೆಲ್ಲಿ, ತೆಂಗಿನ ಕತ್ತದಿಂದ ತರಿ ಕೈಗೆ ಸಿಗುವ ತನಕ ತಿಕ್ಕಿ, ವಾರಕ್ಕೊಮ್ಮೆ ಸುಣ್ಣ ಬಳಿದು ಒಣಗಿಸಿ, ತೊಳೆದು ನೀರು ತುಂಬಿಸಿ. ಬಾನಿಯ ತಳದಲ್ಲಿ ನೀರು ಖಾಲಿಯಾಗುವ ತೂತಿಲ್ಲದಿದ್ದರೆ ಬೆಳ್ಳಿಗೆಂದು ಇಟ್ಟ ಹಣದಲ್ಲಿ ಮೊದಲು ಅದನ್ನು ಮಾಡಿಸಿ, ಏಕೆಂದರೆ ಬಾಗಿ ಬಾಗಿ ಮೊಗೆದು ಚೆಲ್ಲಬೇಕಾದ ಬಾನಿಯನ್ನು ಯಾರೂ ಎರಡು ದಿನಕ್ಕೊಮ್ಮೆ ತೊಳೆಯುವುದಿಲ್ಲ. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಸಾಕು. ಹೊಸ ಪೌಡರಿನಲ್ಲಿ ನೂರಕ್ಕೆ 33ರಷ್ಟು ಕ್ಲೋರಿನ್ ಇರುತ್ತದೆ. 500 ಲೀಟರಿಗೆ ಒಂದೂವರೆ ಗ್ರಾಂ ಹಾಕಿದರೆ ಲೀಟರಿಗೆ 1 ಮಿಲಿಗ್ರಾಂ ಆಗುತ್ತದೆ. ಕಾಲ್ಗೆಜ್ಜೆಯನ್ನು ತೂಗಿಸಲು ಅಕ್ಕಸಾಲಿಗರ ಅಂಗಡಿಗೆ ಹೋಗುವವರಿದ್ದಿರಿ. ಅದರ ಬದಲು ಒಂದೂವರೆ ಗ್ರಾಂ ಪೌಡರಿನ ಪೊಟ್ಟಣವೊಂದನ್ನು ಅಲ್ಲಿ ತೂಗಿಸಿ, ಅಷ್ಟೇ ಹಿಡಿಯುವ ಒಂದು ಚಮಚವನ್ನು ಗುರುತು ಮಾಡಿಟ್ಟುಕೊಳ್ಳಿ. ಪೌಡರನ್ನು ಒಂದು ತಂಬಿಗೆ ನೀರಿನಲ್ಲಿ ಕದಡಿ, ತಿಳಿಯನ್ನು ಮಾತ್ರ ಟ್ಯಾಂಕಿಗೆ ಸುರಿದು ಒಂದು ಗಂಟೆ ಬಿಟ್ಟು ಬಳಸಿ. ಬಾವಿಗೇ ಹಾಕುವುದಾದರೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ; ಎರಡೂವರೆ ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಅದು ಹೆಚ್ಚುಕಡಿಮೆ 14,700 ಲೀಟರ್, ಪೌಡರ್ 37 ಗ್ರಾಂ. ನಮ್ಮ ಕಡೆಯ ಮಳೆಗಾಲದ ತಂಡಿಗೆ ಬ್ಲೀಚಿಂಗ್ ಪೌಡರ್ ಬೇಗ ಸತ್ವ ಕಳೆದುಕೊಳ್ಳುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಕತ್ತಲಲ್ಲಿ ಇಡಿ. ಮುಚ್ಚಳ ತೆಗೆದಾಗ ಮೂಗಿಗೆ ಘಾಟು ಬಡಿಯದಿದ್ದರೆ ಅದನ್ನು ಎಸೆದು ಹೊಸದನ್ನು ತನ್ನಿ. ಮೊದಲ ಒಂದೆರಡು ದಿನ ಹಸುಗಳು ವಾಸನೆಗೆ ಮೂತಿ ತಿರುಗಿಸಿದರೆ ಪ್ರಮಾಣವನ್ನು ಅರ್ಧಕ್ಕೆ ಇಳಿಸಿ ಮೆಲ್ಲಗೆ ಏರಿಸಿ. ಕ್ಲೋರಿನ್ನೂ ಕ್ರಿಪ್ಟೊಸ್ಪೊರಿಡಿಯಮ್ಮನ್ನು ಕೊಲ್ಲುವುದಿಲ್ಲ, ಆದರೆ ಇಲಿಜ್ವರದ ಸೂಕ್ಷ್ಮಜೀವಿ, ಸಾಲ್ಮೊನೆಲ್ಲಾ, ಇ. ಕೋಲಿಗಳಿಗೆ ಇಷ್ಟು ಸಾಕು.

ನಿಮ್ಮ ಮಾವನವರ ಬಾವಿಯ ಸಮಸ್ಯೆಯೇ ಬೇರೆ. ಅಲ್ಲಿ ಮೊದಲು ತಿಳಿಯಬೇಕಾದದ್ದು ಉಪ್ಪಿನ ಅಳತೆ, ಇದಕ್ಕೆ ಆ ಟಿಡಿಎಸ್ ಮೀಟರ್ ಚೆನ್ನಾಗಿಯೇ ಆಗುತ್ತದೆ. ಮಾರ್ಚ್‌ನಿಂದ ಮಳೆ ಬೀಳುವ ತನಕ ಹದಿನೈದು ದಿನಕ್ಕೊಮ್ಮೆ ಅಳೆದು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಲು ಹೇಳಿ. ಲೀಟರಿಗೆ 3,000 ಮಿಲಿಗ್ರಾಮಿನ ಒಳಗಿದ್ದರೆ ದನಗಳು ಕುಡಿಯುತ್ತವೆ, ಅಡ್ಡಿಯಿಲ್ಲ. ಅದನ್ನು ಮೀರಿ 5,000ದ ವರೆಗೆ ಹೋದರೆ ಮೊದಮೊದಲು ಕುಡಿಯಲು ಹಿಂಜರಿಯುತ್ತವೆ, ತೆಳು ಸಗಣಿಯೂ ಹಾಕಬಹುದು. ಆ ಭೇದಿ ರೋಗಾಣುವಿನದಲ್ಲ, ಉಪ್ಪಿನದು. ಅದಕ್ಕೂ ಮೇಲೆ ಏರಿದರೆ ಗಬ್ಬದ ಮತ್ತು ಹಾಲು ಕೊಡುವ ಹಸುಗಳಿಗೆ ಬೇರೆ ಕಡೆಯ ಸಿಹಿನೀರನ್ನೇ ಕೊಡಬೇಕು. ಬಾವಿಯ ತಳಕ್ಕೆ ಪಂಪಿನ ಕಾಲಿಳಿಸಿ ಒಂದೇ ಸಮನೆ ಎಳೆದರೆ ಕೆಳಗಿನ ಉಪ್ಪು ನೀರು ಮೇಲೇರಿ ಬರುತ್ತದೆ. ಹೀರುಪೈಪನ್ನು ನೀರಿನ ಮೇಲ್ಮೈಯ ಹತ್ತಿರಕ್ಕೆ ಎತ್ತಿ, ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಎಂದು ಬಿಟ್ಟು ಬಿಟ್ಟು ಎತ್ತುವುದು ಒಳ್ಳೆಯದು. ಕೊಡದಲ್ಲಿ ಸೇದುತ್ತಿದ್ದ ಕಾಲದಲ್ಲಿ ಅದೇ ಬಾವಿ ಏಪ್ರಿಲ್‌ನಲ್ಲಿಯೂ ಅಷ್ಟೊಂದು ಉಪ್ಪಾಗುತ್ತಿರಲಿಲ್ಲ ಎಂದು ಆ ಮನೆಯ ಹಿರಿಯರು ಹೇಳಿದರೆ, ಕಾರಣ ಇದೇ ಇರಬಹುದು.